ಕಾಫಿ ಕಣದಲ್ಲಿ ಕಾರು ಪರೀಕ್ಷೆ

ಹುದಿಕೇರಿ ಸುತ್ತಮುತ್ತ ಗಾಡಿಗಳ ವಿಷಯ ಗೊತ್ತಿದ್ದವರು ಇಬ್ಬರೇ. ಒಬ್ಬ ಲಾರಿ ಓಡಿಸುವ ಉಸ್ಮಾನ್ ಕಾಕ, ಇನ್ನೊಬ್ಬ ನಾನು. ಹಾಗಂತ ನಾನು ನಂಬಿದ್ದೆ. ಉಸ್ಮಾನ್ ಕಾಕನಿಗೆ ಈ ಸಂಗತಿ ಗೊತ್ತಿರಲಿಲ್ಲ.

ನಾನು ಆಗ ಎಸ್ಟೇಟೊಂದರಲ್ಲಿ ರೈಟರು. ಲೆಕ್ಕ ಬರೆಯುವುದರ ಜೊತೆಗೆ ಎಸ್ಟೇಟಿನ ಜೀಪನ್ನೂ ಓಡಿಸುತ್ತಿದ್ದೆ. ಆ ಜೀಪಿನ ಸ್ಟೀರಿಂಗ್ ತಿರುಗಿಸುವುದೆಂದರೆ ಹೋರಿಯ ಕೊಂಬು ಹಿಡಿದು ತಿರುಗಿಸಿದ ಹಾಗೆ. ಅದನ್ನೇ ಹತ್ತು ವರ್ಷ ಓಡಿಸಿದವನಿಗೆ ಇನ್ನು ಕಲಿಯಲು ಏನಿದೆ?

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಮೂರ್ನಾಲ್ಕು ವರ್ಷವಾಗಿತ್ತು. ನನ್ನ ಹೆಂಡತಿ ದೇವಕಿಗೆ ಏಳು ತಿಂಗಳು. ಚೊಚ್ಚಲ ಹೆರಿಗೆ, ಸಂಪಾಜೆಯ ತವರಿನಲ್ಲೇ ಆಗಬೇಕು. ಮಳೆ ಹಿಡಿಯುವ ಮೊದಲು ಅವಳನ್ನು ಅಲ್ಲಿಗೆ ಮುಟ್ಟಿಸಬೇಕು. ಬಸ್ಸಿನ ವಾಸನೆ ಬಂದರೆ ಸಾಕು, ಅವಳಿಗೆ ವಾಂತಿ. ಜೀಪಿನ ಹೆಸರು ಎತ್ತಿದ್ದಕ್ಕೆ ಡಾಕ್ಟರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಜೀಪಲ್ಲಿ ಕರ್ಕೊಂಡು ಹೋದ್ರೆ ಹೆರಿಗೆ ಮಡಿಕೇರಿಗಿಂತ ಮೊದ್ಲೇ ಆಗ್ತದೆ. ಕುಲುಕಾಟ ಆಗ್ಬಾರ್ದು."

ನಾನು ಕಾರು ಕೊಳ್ಳುವ ತೀರ್ಮಾನ ಮಾಡಿದೆ.

"ಒಂದಿನದ ದಾರಿಗೆ ಕಾರು ಎಂತಕ್ಕೆ?" ಎಂದಳು ದೇವಕಿ. "ಬಾಡಿಗೆಗೆ ಮಾಡಿ."

"ಮಗು ಆದ್ಮೇಲೆ ವಾಪಸ್ ಬರೋದು ಬೇಡ್ವಾ?"

"ಹಾಗಾದ್ರೆ ಉಸ್ಮಾನ್ ಕಾಕನಿಗೆ ಒಮ್ಮೆ ತೋರ್ಸಿ ತಗೊಳ್ಳಿ."

"ಮರ ಹೇರೋ ಮನುಷ್ಯನಿಗೆ ಕಾರಿನ ನಾಜೂಕು ಎಂತ ಗೊತ್ತು?"

ಪಕ್ಕದ ಎಸ್ಟೇಟಿನ ಬೋಪಯ್ಯನವರು ತಮ್ಮ ಹಳೇ ಕಾರನ್ನು ಮಾರುವವರಿದ್ದರು. ಅವರ ಮನೆಯ ಮುಂದಿನ ಇಳಿಜಾರಿನಲ್ಲಿ ಅದು ನಿಂತಿತ್ತು. ನಮ್ಮೂರಲ್ಲಿ ಮನೆ, ದನ, ಮನುಷ್ಯ ಎಲ್ಲವೂ ನಿಲ್ಲುವುದು ಇಳಿಜಾರಿನಲ್ಲೇ. ಅಲ್ಲಿ ನೋಡಿದರೆ ಯಾವುದು ನೆಟ್ಟಗಿದೆ, ಯಾವುದು ಓರೆ ಎಂದು ತಿಳಿಯುವುದಿಲ್ಲ. ಆದ್ದರಿಂದ ಪರೀಕ್ಷೆ ಸಮತಟ್ಟಾದ ಜಾಗದಲ್ಲಿ ನಡೆಯತಕ್ಕದ್ದು ಎಂದು ನಾನು ಘೋಷಿಸಿದೆ. ಸಮತಟ್ಟು ಎಂದರೆ ನಮ್ಮ ಕಡೆ ಒಂದೇ ಜಾಗ, ಕಾಫಿ ಒಣಗಿಸುವ ಕಣ. ಕೊಯ್ಲು ಮುಗಿದು ನಮ್ಮ ಕಣ ಖಾಲಿ ಬಿದ್ದಿತ್ತು. ಕಾರನ್ನೂ ಬೋಪಯ್ಯನವರನ್ನೂ ಅಲ್ಲಿಗೆ ಕರೆಸಿದೆ.

ಕಣದಲ್ಲಿ ನಿಂತ ಕಾರು ಎಡಕ್ಕೆ ನಾಲ್ಕು ಬೆರಳು ವಾಲಿತ್ತು.

"ರೈಟ್ರೇ, ಒಂದು ಮಾತು..." ಎಂದರು ಬೋಪಯ್ಯನವರು.

"ನೀವು ಹೇಳೋದೇ ಬೇಡ. ಓರೆ ಇರೋದು ಕಾರಲ್ಲ, ಕಣ. ಮಳೆನೀರು ಹರಿದು ಹೋಗ್ಲಿ ಅಂತ ನಾನೇ ನಿಂತು ವಾಟ ಕೊಡಿಸಿದ್ದು."

ವಾಟ ಕೊಡಿಸಿದ್ದು ನಿಜ. ಆದರೆ ಬಲಕ್ಕೆ. ಇದು ನನಗೆ ಹೊಳೆದದ್ದು ಮೂರು ವಾರದ ಮೇಲೆ.

ಮುಂದೆ ಸ್ಟೀರಿಂಗ್ ಪರೀಕ್ಷೆ. ಕಿಟಕಿಯಿಂದ ಕೈ ಹಾಕಿ ತಿರುಗಿಸಿದೆ. ಕಾಲು ಸುತ್ತು ಸಲೀಸಾಗಿ ತಿರುಗಿತು. ಚಕ್ರ ಮಾತ್ರ ಇದ್ದಲ್ಲೇ ಇತ್ತು. ಹೋರಿಯ ಕೊಂಬು ಹಿಡಿದು ಬೇಸತ್ತ ಕೈಗೆ ಅದು ಸ್ವರ್ಗ.

"ಎಷ್ಟು ಹಗುರ!"

"ಅದು ಹಗುರ ಅಲ್ಲ ರೈಟ್ರೇ, ಅದು..."

"ನಿಮ್ದೇ ಕಾರು ಅಂತ ಸಂಕೋಚ ಬೇಡ. ಒಳ್ಳೇದನ್ನ ಒಳ್ಳೇದು ಅಂತ್ಲೇ ಹೇಳ್ಬೇಕು."

ಕೊನೆಗೆ ಸ್ಪ್ರಿಂಗು. ಮಡ್‌ಗಾರ್ಡನ್ನು ಅದುಮಿ ಬಿಟ್ಟು, ಗಾಡಿ ಎಷ್ಟು ಸಲ ಕುಣಿಯುತ್ತದೆಂದು ನೋಡಬೇಕು ಎಂದು ಡ್ರೈವರುಗಳ ಬಾಯಲ್ಲಿ ಕೇಳಿದ್ದೆ. ಎಷ್ಟು ಕುಣಿದರೆ ಒಳ್ಳೆಯದು ಎಂದು ಕೇಳಿಕೊಂಡಿರಲಿಲ್ಲ. ನಮ್ಮ ಜೀಪು ನಾನೇ ಹತ್ತಿ ನಿಂತರೂ ಅಲ್ಲಾಡುವುದಿಲ್ಲ. ಈ ಕಾರು ಏಳು ಸಲ ಕುಣಿಯಿತು. ಬಸುರಿಗೆ ಇದಕ್ಕಿಂತ ಮೆತ್ತಗಿನ ಗಾಡಿ ಎಲ್ಲಿ ಸಿಗಬೇಕು?

ಬೋಪಯ್ಯನವರು ಕೊನೆಯ ಪ್ರಯತ್ನ ಮಾಡಿದರು. "ಒಂದ್ಸಲ ರೋಡಲ್ಲಿ ಓಡ್ಸಿ ನೋಡಿ."

"ರೋಡೆಲ್ಲ ಗುಂಡಿ. ಗುಂಡೀಲಿ ಓಡ್ಸಿದ್ರೆ ಕಾರಿನ ಗುಣ ಹೇಗೆ ಗೊತ್ತಾಗ್ತದೆ?"

ಅವರು ಜೇಬಿನಿಂದ ಪೆನ್ನು ತೆಗೆದು ಮಾರಾಟದ ಕಾಗದಕ್ಕೆ ಸಹಿ ಹಾಕಿದರು.

ಹೊರಡುವ ದಿನ ದೇವಕಿಯನ್ನು ಹಿಂದಿನ ಸೀಟಿನಲ್ಲಿ ದಿಂಬು ಕೊಟ್ಟು ಕೂರಿಸಿದೆ. ಪಕ್ಕದಲ್ಲಿ ಟ್ರಂಕು. ಗೇಟು ದಾಟಿದ ಕೂಡಲೇ ಮೊದಲ ಗುಂಡಿ. ಕಾರು ಕುಣಿಯತೊಡಗಿತು. ಮೂರನೆಯ ಕುಣಿತದಲ್ಲಿದ್ದಾಗಲೇ ಎರಡನೆಯ ಗುಂಡಿ ಬಂತು. ಅದು ಮುಗಿಯುವುದರೊಳಗೆ ಇನ್ನೊಂದು. ಕಾರು ಮುಂದೆ ಹೋದದ್ದಕ್ಕಿಂತ ಮೇಲೆ ಕೆಳಗೆ ಹೋದದ್ದೇ ಹೆಚ್ಚು.

"ಎಂತ ಇದು?" ಹಿಂದಿನಿಂದ ಕ್ಷೀಣ ದನಿ.

"ಮೆತ್ತಗಿದೆ ಅಲ್ವಾ?"

ಉತ್ತರ ಬರಲಿಲ್ಲ. ವಾಂತಿ ಬಂತು.

ಸ್ಟೀರಿಂಗಿನ ಕಥೆ ಇನ್ನೂ ಕಷ್ಟದ್ದು. ಬಿಟ್ಟರೆ ಕಾರು ಎಡಗಡೆಯ ಚರಂಡಿಗೇ ಹೊರಡುತ್ತಿತ್ತು. ತಿರುವಿನಲ್ಲಿ ಎಷ್ಟು ತಿರುಗಿಸಿದರೂ ಮೊದಲು ಏನೂ ಆಗುತ್ತಿರಲಿಲ್ಲ, ಆಮೇಲೆ ಎಲ್ಲ ಒಟ್ಟಿಗೇ ಆಗುತ್ತಿತ್ತು. ಆದ್ದರಿಂದ ತಿರುವು ಬರುವ ಮೊದಲೇ ತಿರುಗಿಸುವ ಉಪಾಯ ಕಂಡುಹಿಡಿದೆ. ಎರಡು ತಿರುವುಗಳಲ್ಲಿ ಅದು ಫಲಿಸಿತು. ಪೊನ್ನಂಪೇಟೆಗೆ ಮೈಲಿ ದೂರವಿದ್ದಾಗ ಮೂರನೆಯ ತಿರುವು. ನಾನು ಬೇಗ ತಿರುಗಿಸಿದೆ. ಅವತ್ತು ಮೊದಲ ಬಾರಿಗೆ ಕಾರೂ ಬೇಗ ತಿರುಗಿತು.

ಎಡಗಡೆಯ ಎರಡು ಚಕ್ರ ಚರಂಡಿಗಿಳಿದು, ಕಾರು ತೋಟದ ಬೇಲಿಗೆ ಒರಗಿ ನಿಂತಿತು. ಮೆಲ್ಲಗೆ ಹೋಗುತ್ತಿದ್ದೆವು, ಪೆಟ್ಟೇನೂ ಆಗಲಿಲ್ಲ. ಆದರೆ ದೇವಕಿ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟು ಕಣ್ಣು ಮುಚ್ಚಿ ಕುಳಿತಿದ್ದಳು. ನಾನು ಇಳಿದು ಹಿಂದಕ್ಕೆ ಓಡಿದೆ. ಬಾಗಿಲು ತೆಗೆಯಲು ಹೋದರೆ ಹಿಡಿಯೇ ಸಿಗಲಿಲ್ಲ.

"ದೇವಕೀ... ಎಂತಾಯ್ತು?"

ಅವಳು ಕಣ್ಣು ತೆರೆದಳು. "ಮಗು ಒದೀತಾ ಉಂಟು."

"ದೇವ್ರು ದೊಡ್ಡವ್ನು."

"ನಾನೂ ಒದೀತಿದ್ದೆ. ಕಾಲೆತ್ತೋಕೆ ಆಗ್ತಿಲ್ಲ."

ಅವಳನ್ನು ಮೆಲ್ಲಗೆ ಹೊರಗಿಳಿಸುವಷ್ಟರಲ್ಲಿ ಬಸ್ಸಿನ ಸದ್ದು ಕೇಳಿಸಿತು. ವಾಸನೆಗೇ ವಾಂತಿ ಮಾಡುವ ನನ್ನ ಹೆಂಡತಿ ರಸ್ತೆಯ ಮಧ್ಯ ನಿಂತು ಎರಡೂ ಕೈ ಎತ್ತಿದಳು. ಬಸ್ಸು ನಿಂತಿತು. ಒಳಗೆ ಮಡಿಕೇರಿ ಆಸ್ಪತ್ರೆಗೆ ಹೋಗುತ್ತಿದ್ದ ನರ್ಸಮ್ಮ ಒಬ್ಬರು ಇದ್ದರು. ಸಂಪಾಜೆ ಬಸ್ಸು ಹತ್ತಿಸುವವರೆಗೆ ತಾನು ಜೊತೆಗಿರುತ್ತೇನೆಂದು ಹೇಳಿ, ಅವಳ ಕೈ ಹಿಡಿದು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡರು.

"ನಾನೂ ಬರ್ತೇನೆ" ಎಂದೆ.

"ನೀವು ಬರೋದು ಬೇಡ. ಪರೀಕ್ಷೆ ಮಾಡಿ ತಂದಿದ್ದೀರಲ್ಲ, ಅದನ್ನೇ ಕಾಯ್ತಾ ನಿಂತ್ಕೊಳ್ಳಿ" ಎಂದಳು ದೇವಕಿ.

ನಿಂತೆ. ಹೋಗುವವರು ಬರುವವರೆಲ್ಲ ಏನಾಯಿತು ಎಂದು ಕೇಳಿದರು. ಮೊದಲ ಐದಾರು ಜನರಿಗೆ ಹಸು ಅಡ್ಡ ಬಂತು ಎಂದೆ. ಆಮೇಲೆ ಹಸುವಿನ ಮೇಲೆ ಹೊರಿಸಲೂ ನಾಚಿಕೆಯಾಗಿ ಸುಮ್ಮನಾದೆ.

ಮಧ್ಯಾಹ್ನ ಉಸ್ಮಾನ್ ಕಾಕನ ಲಾರಿ ಬಂತು. ಕಾಕ ಇಳಿದು, ಬೀಡಿ ಕಚ್ಚಿಕೊಂಡೇ ಸ್ಟೀರಿಂಗನ್ನು ಒಂದು ಸಲ ಅಲ್ಲಾಡಿಸಿ, ಮಡ್‌ಗಾರ್ಡನ್ನು ಒಂದು ಸಲ ಅದುಮಿದ. ಅರ್ಧ ನಿಮಿಷದ ಕೆಲಸ.

"ಸ್ಟೀರಿಂಗ್ ಬಾಕ್ಸಲ್ಲಿ ಹಲ್ಲೆಲ್ಲ ಸವೆದು ಹೋಗಿದೆ ಸಾರೇ. ಕುಣಿತ ತಡೆಯೋ ಶಾಕಿನಲ್ಲಿ ಎಣ್ಣೆ ಇಲ್ಲ. ಎಡದ ಸ್ಪ್ರಿಂಗಿನ ಪಟ್ಟಿ ಮುರಿದಿದೆ. ಯಾರು ನೋಡಿ ತಗೊಂಡದ್ದು?"

"ನಾನೇ."

ಕಾಕ ಬೀಡಿ ತೆಗೆದ. "ಯಾರೂ ನೋಡಿಲ್ಲ ಅಂತ ಹೇಳಿ ಸಾರೇ. ಅದೇ ಮರ್ಯಾದೆ."

ಬೋಪಯ್ಯನವರ ಮನೆಗೆ ಹೋಗಿ, ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಕಾಫಿ ಕೊಟ್ಟು, "ನೀವು ಬಿಟ್ರಾ?" ಎಂದರು. ಕಾಫಿ ಕುಡಿದು ಬಂದೆ.

ಎರಡು ತಿಂಗಳಿಗೆ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಆರಾಮ ಎಂದು ಭಾವಮೈದುನ ಬರೆದಿದ್ದ. ಸಂತೋಷದಲ್ಲಿ ನನಗೆ ಮತ್ತೆ ಧೈರ್ಯ ಬಂತು. ಒಳ್ಳೇ ಬೀಟೆ ಮರದ ತೊಟ್ಟಿಲೊಂದನ್ನು ನಾನೇ ಖುದ್ದಾಗಿ ನೋಡಿ ಆರಿಸಿ ತರುತ್ತೇನೆ ಎಂದು ದೇವಕಿಗೆ ಕಾಗದ ಹಾಕಿದೆ.

ಮರುಟಪ್ಪಾಲಿನಲ್ಲೇ ಉತ್ತರ ಬಂತು.

"ತೊಟ್ಟಿಲು ಬೇಡ. ಹಳೇ ಸೀರೆಯಲ್ಲಿ ಜೋಲಿ ಕಟ್ಟಿದ್ದೇವೆ. ಕಟ್ಟುವಾಗ ನೀವು ಇರಲಿಲ್ಲ. ಗಟ್ಟಿಯಾಗಿದೆ."