ಪರದೇಶಕ್ಕೆ ಮೊದಲು ಒಂದು ಕವಾಯತು

ನನಗೆ ಸಿಟ್ಟು ಜಾಸ್ತಿ ಎಂದು ನನ್ನ ಹೆಂಡತಿ ಬೀದಿಗೆಲ್ಲ ಹೇಳಿಕೊಂಡು ಬರುತ್ತಾಳೆ. ಸಿಟ್ಟು ಬರದೆ ಏನಾಗುತ್ತದೆ ಹೇಳಿ. ಗಟ್ಟಿಮುಟ್ಟಾದ ಸ್ವಂತ ಮನೆ ಬಿಟ್ಟು, ಗಲಾಟೆ ನಡೆಯುತ್ತಿರುವ ದೇಶಕ್ಕೆ ಹೋಗಿ ಒಂದು ವಾರ ಆರಾಮಾಗಿ ಇದ್ದು ಬರೋಣ ಎನ್ನುವವಳ ಎದುರು ತಣ್ಣಗೆ ಕೂರಲು ನಾನೇನು ಮಂಜುಗಡ್ಡೆಯೇ?

ನನ್ನದು ಕಬ್ಬಿಣದ ಕೆಲಸ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರಿಗೂ ನನಗೂ ಆಗಿಬರಲಿಲ್ಲ. ಅಂದಿನಿಂದ ವೆಲ್ಡಿಂಗ್ ಹಿಡಿದವನು ಇನ್ನೂ ಬಿಟ್ಟಿಲ್ಲ. ಗೇಟು, ಕಿಟಕಿಯ ಗ್ರಿಲ್ಲು, ಕಬ್ಬಿಣದ ಬಾಗಿಲು. ನಮ್ಮ ಬೀದಿಗೆ ಬಂದ ಕಳ್ಳ ಮುಖ ಸಪ್ಪೆ ಮಾಡಿಕೊಂಡು ಹಿಂದಿರುಗುತ್ತಾನೆಂದರೆ ಅದು ನನ್ನ ಕೈಗುಣ. ಇನ್ನು ನನ್ನ ಸ್ವಂತ ಮನೆಯ ಮಾತು ಕೇಳಲೇಬೇಡಿ. ಎಲ್ಲ ಕಿಟಕಿಗೂ ಹೆಬ್ಬೆರಳು ದಪ್ಪದ ಸರಳು. ಬಚ್ಚಲಿನ ಗವಾಕ್ಷಿಗೂ ಸರಳು (ಅದರಲ್ಲಿ ಬೆಕ್ಕಿನ ತಲೆ ಮಾತ್ರ ಹಿಡಿಯುತ್ತದೆ, ಆದರೂ ಬೆಕ್ಕನ್ನು ನಂಬುವುದು ಹೇಗೆ?). ಹಿಂಬಾಗಿಲು ಒಂದಿತ್ತು, ಅದಕ್ಕೆ ಅಡ್ಡಪಟ್ಟಿ ಕೊಟ್ಟು ಬೆಸುಗೆ ಹಾಕಿ ಅದರ ಕಥೆಯನ್ನೇ ಮುಗಿಸಿದೆ. ಮುಂಬಾಗಿಲಿನ ಹೊರಗೆ ಇನ್ನೊಂದು ಕಬ್ಬಿಣದ ಬಾಗಿಲು; ಎಳೆದರೆ ತಾನೇ ಬೀಗ ಬೀಳುತ್ತದೆ, ಒಳಗಿನಿಂದ ತೆಗೆಯಲೂ ಕೀಲಿಕೈ ಬೇಕು. ಒಳಗೆ ನುಗ್ಗಿದ ಕಳ್ಳ ಸುಲಭವಾಗಿ ಹೊರಗೆ ಹೋಗಬಾರದಲ್ಲ!

ಹೆಂಡತಿಗೆ ಹೊಲಿಗೆ ಕೆಲಸ. ವಿದೇಶಕ್ಕೆ ಹೋಗುವವರ ಅಂಗಿಗೆ ಗುಂಡಿ, ಬ್ಯಾಗಿಗೆ ಜಿಪ್ಪು ಹಾಕಿಕೊಟ್ಟು, ಅವರು ತಿರುಗಿ ಬಂದು ತೋರಿಸುವ ಫೋಟೋಗಳಿಗೆ "ಚೆನ್ನಾಗಿದೆ" ಎಂದು ಹೇಳಿ ಹೇಳಿ ಅವಳಿಗೂ ಒಂದು ಆಸೆ ಅಂಟಿಕೊಂಡಿತ್ತು: ಮೆಷಿನ್ನಿನ ಸದ್ದಿಲ್ಲದ ಜಾಗದಲ್ಲಿ, ಸಮುದ್ರದ ಎದುರು, ಒಂದು ವಾರ ಸುಮ್ಮನೆ ಕೂರುವುದು. ಅವಳ ತಮ್ಮ, ಅಂದರೆ ನನ್ನ ಭಾವಮೈದುನ, ಪ್ರವಾಸದ ಟಿಕೆಟ್ ಮಾಡಿಸಿಕೊಡುವ ಆಫೀಸು ಇಟ್ಟಿದ್ದಾನೆ. ಅಕ್ಕ ಕೇಳಿದ್ದೇ ತಡ, ನಮ್ಮಿಬ್ಬರಿಗೂ ಮಗಳಿಗೂ ಸೀಟು ಹಿಡಿದಿಟ್ಟ.

ಅದೇ ವಾರ ಟೀವಿಯಲ್ಲಿ ಆ ದೇಶದ ಗಲಾಟೆ ಶುರುವಾಯಿತು. ಜನ ಓಡುತ್ತಿದ್ದಾರೆ, ಹೊಗೆ ಏಳುತ್ತಿದೆ, ಬಸ್ಸಿನ ಗಾಜು ಪುಡಿಪುಡಿ. ಒಂದು ಚಾನೆಲ್ಲಿನಲ್ಲಿ ಒಂದು ಬಸ್ಸು, ಇನ್ನೊಂದರಲ್ಲಿ ಇನ್ನೊಂದು. ಊಟಕ್ಕೆ ಕೂರುವ ಹೊತ್ತಿಗೆ ಆ ದೇಶದ ಒಂದಿಡೀ ಡಿಪೋ ನನ್ನ ಕಣ್ಣೆದುರು ನಾಶವಾಗಿತ್ತು.

"ಅದೇ ಬಸ್ಸು ಅಪ್ಪ, ಬೆಳಗ್ಗೆಯಿಂದ ತೋರಿಸ್ತಾ ಇದಾರೆ" ಎಂದಳು ಮಗಳು.

ನಾನು ನಂಬಲಿಲ್ಲ. ನಿಜ ಹೇಳಬೇಕೆಂದರೆ, ನನಗೆ ಹೆದರಿಕೆಯೇ ಆಗಿತ್ತು. ಸರಳಿಲ್ಲದ ಊರಿನಲ್ಲಿ ಇವರಿಬ್ಬರನ್ನು ನಾನು ಹೇಗೆ ಕಾಯಲಿ? ಆ ಭಯವನ್ನು ಬಾಯಿಬಿಟ್ಟು ಹೇಳಲು ಬರದೆ, ನನಗೆ ಬರುವ ಒಂದೇ ರೀತಿಯಲ್ಲಿ ಹೇಳಿದೆ, ಅಂದರೆ ಕೂಗಾಡಿದೆ. ಗಲಾಟೆ ರಾಜಧಾನಿಯಲ್ಲಿ, ನಾವು ಹೋಗುವ ಸಮುದ್ರತೀರ ಬಹಳ ದೂರ ಎಂದು ಭಾವಮೈದುನ ನಕ್ಷೆ ಬಿಡಿಸಿ ತೋರಿಸಿದ. ಗಲಾಟೆಗೆ ಕಾಲಿಲ್ಲವೇ ಎಂದೆ. ಹೆಂಡತಿ ಎರಡು ದಿನ ಮಾತು ಬಿಟ್ಟಳು. ಮೆಷಿನ್ನು ಮಾತ್ರ ನನ್ನನ್ನು ಬೈಯುವ ಹಾಗೆ ಕಟಕಟ ಎನ್ನುತ್ತಿತ್ತು.

ಭಾನುವಾರ ಭಾವಮೈದುನ ಕೊನೆಯ ಮಾತು ಕೇಳಲು ಬಂದ. ಸಂಜೆಯೊಳಗೆ ಹೂಂ ಅಥವಾ ಉಹೂಂ, ಇಲ್ಲದಿದ್ದರೆ ಸೀಟು ಬೇರೆಯವರಿಗೆ. ಆಗ ನನ್ನ ತಲೆಯಲ್ಲಿ ಮಹಾ ಯೋಚನೆಯೊಂದು ಮಿಂಚಿತು. ಆಪತ್ತು ಬಂದರೆ ಇವರು ತಪ್ಪಿಸಿಕೊಳ್ಳಬಲ್ಲರೇ ಎಂದು ಇಲ್ಲಿಯೇ ಪರೀಕ್ಷೆ ಮಾಡುವುದು. ತಪ್ಪಾಗಿಯೇ ಮಾಡುತ್ತಾರೆ, ಆಗ ಪ್ರವಾಸ ಬೇಡ ಎಂದು ನಾನು ಹೇಳುವುದೇ ಬೇಡ, ಪರೀಕ್ಷೆಯೇ ಹೇಳುತ್ತದೆ.

ನಮ್ಮ ಮನೆಯನ್ನೇ ಆ ಹೋಟೆಲು ಎಂದು ಘೋಷಿಸಿದೆ. ನಿಯಮ ವಿಧಿಸಿದೆ: ಸೀಟಿ ಊದಿದ ಕೂಡಲೇ ಪಾಸ್‌ಪೋರ್ಟು, ಕೀಲಿಕೈ ಇರುವ ಚೀಲ ಎತ್ತಿಕೊಳ್ಳಬೇಕು, ಓಡಬೇಕು, ಹಿಂದೆ ಬರುವ ದೊಂಬಿಯವರು ಕೈಗೆ ಸಿಗದಂತೆ ಬಾಗಿಲು ಎಳೆದುಕೊಳ್ಳಬೇಕು. ನಾನು ಒಳಕೋಣೆಗೆ ಹೋಗಿ ಶ್ವಾಸಕೋಶದ ಸರ್ವಶಕ್ತಿಯಿಂದ ಊದಿದೆ.

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದರು. ನಾನು ನಡುಮನೆಗೆ ಬರುವಷ್ಟರಲ್ಲಿ ಹೆಂಡತಿ, ಮಗಳು, ಭಾವಮೈದುನ, ಚೀಲ, ಎಲ್ಲ ಹೊರಗೆ. ಕಬ್ಬಿಣದ ಬಾಗಿಲು ಧಡ್ ಎಂದಿತು. ಒಳಗೆ ಉಳಿದದ್ದು ದೊಂಬಿ ಒಂದೇ, ಅಂದರೆ ನಾನು.

ಬಾಗಿಲು ತೆಗೆಯಲು ಹೆಂಡತಿ ಹೊರಗಿನಿಂದ ಕೀಲಿಕೈ ಹಾಕಿದಳು. ನಿಧಾನವಾಗಿ ತಿರುಗಿಸುತ್ತಿದ್ದಳು. ನಿಧಾನ ಕಂಡರೆ ನನಗೆ ಆಗುವುದಿಲ್ಲ. ಇಷ್ಟು ಹೊತ್ತೇ ಎಂದು ಬಾಗಿಲನ್ನು ಒಳಗಿನಿಂದ ಗಡಗಡ ಅಲ್ಲಾಡಿಸಿದೆ. ಟಕ್. ಅರ್ಧ ಕೀಲಿಕೈ ಅವಳ ಕೈಯಲ್ಲಿ, ಅರ್ಧ ಬೀಗದ ಹೊಟ್ಟೆಯಲ್ಲಿ.

ಆಮೇಲೆ ನಾನು ಬೈದದ್ದನ್ನೆಲ್ಲ ಬರೆದರೆ ಈ ಪುಟಗಳು ಮನೆಯಲ್ಲಿ ಇಡುವ ಹಾಗಿರುವುದಿಲ್ಲ. ಸೀಟಿ, ಕೂಗಾಟ ಕೇಳಿ ಪಕ್ಕದ ಮನೆಯವರು ಅಗ್ನಿಶಾಮಕದವರಿಗೆ ಫೋನ್ ಮಾಡಿದ್ದರು. ಕೆಂಪು ಗಾಡಿ ಬಂತು. ಬೀದಿ ಪೂರ್ತಿ ಬಂತು. ಗ್ರಿಲ್ಲಿನ ಅಳತೆ ಕೊಡಲು ಬಂದಿದ್ದ ಗಿರಾಕಿಯೂ ಒಬ್ಬರು ನಿಂತು ನೋಡುತ್ತಿದ್ದರು.

ಅಗ್ನಿಶಾಮಕದವರು ಕಿಟಕಿಯಿಂದ ಕಿಟಕಿಗೆ ಹೋದರು, ಹಿಂಬಾಗಿಲಿಗೆ ಹೋದರು, ತಿರುಗಿ ಬಂದರು. ಕೊನೆಗೆ ಮುಂಬಾಗಿಲಿಗೇ ಕಟಿಂಗ್ ಮೆಷಿನ್ ಇಟ್ಟರು. ಬ್ಲೇಡು ಸವೆಯಿತು, ಇನ್ನೊಂದು ತಂದರು. ಹೆಮ್ಮೆಯಿಂದ ನನ್ನ ಎದೆ ಉಬ್ಬಿತು. ಅಲ್ಲಿ ಕೊಯ್ಯಬೇಡಿ, ಪೇಂಟು ಹೊಸದು ಎಂದು ಒಳಗಿನಿಂದ ನಿರ್ದೇಶನ ಬೇರೆ ಕೊಡುತ್ತಿದ್ದೆ. ಹೊರಗೆ ಬರುವಷ್ಟರಲ್ಲಿ ಅಂಗಿ ಬೆವರಿಗೆ ತೊಪ್ಪೆಯಾಗಿತ್ತು.

ಅವರ ಅಧಿಕಾರಿ ಸಮಾಧಾನದ ಮನುಷ್ಯ. ಬೆವರು ಒರೆಸಿಕೊಂಡು ಹೇಳಿದರು: "ನಿಜವಾಗ್ಲೂ ಹೊಗೆ ತುಂಬಿದ್ರೆ ನೀವು ಇಷ್ಟೊತ್ತು ಬೈತಾ ಇರ್ತಿರ್ಲಿಲ್ಲ."

ಮಗಳು ಮಲಗುವ ಕೋಣೆಯ ಕಿಟಕಿಯತ್ತ ನೋಡಿದೆ. ಆ ಸರಳುಗಳನ್ನು ನಾನೇ ಎರಡೆರಡು ಸಲ ಬೆಸೆದಿದ್ದೆ. ಈ ಬಾಗಿಲು ಮಾಡಿದವನು ಯಾರು ಎಂದು ಅವರು ಕೇಳಿದಾಗ, ಬೀದಿಯ ಅಷ್ಟೂ ಜನ ನನ್ನ ಪರವಾಗಿ ಕೈ ತೋರಿಸಿ ಉತ್ತರ ಕೊಟ್ಟರು.

"ಹಿಂಬಾಗಿಲು ಬಿಡಿಸಿ, ಎರಡು ಕಿಟಕಿನಾದ್ರೂ ಒಳಗಿಂದ ತೆಗೆಯೋ ಹಾಗೆ ಮಾಡಿ" ಎಂದರು ಅಧಿಕಾರಿ. "ಅಲ್ಲೀವರೆಗೂ ಇಲ್ಲಿ ಯಾರೂ ಮಲಗ್ಬೇಡಿ. ಬೇರೆ ಎಲ್ಲಾದ್ರೂ ಸುರಕ್ಷಿತವಾಗಿರೋ ಕಡೆ ಹೋಗಿ ಇರಿ."

ಹೆಂಡತಿ ಬಹಳ ವಿನಯದಿಂದ ಕೇಳಿದಳು: "ಬೇರೆ ದೇಶ ಆದ್ರೂ ಪರವಾಗಿಲ್ವಾ ಸಾರ್?"

ಅವರು ಒಂದು ಕ್ಷಣ ಯೋಚಿಸಿ, ಈ ಮನೆಗಿಂತ ಯಾವುದಾದರೂ ವಾಸಿ ಎಂದರು. ಭಾವಮೈದುನ ಆಗಲೇ ಫೋನು ಕಿವಿಗೆ ಹಿಡಿದಿದ್ದ.

ಕೆಲಸ ಬಲ್ಲ ಸ್ನೇಹಿತನೊಬ್ಬ ಅಲ್ಲಿ ಮನೆಯಲ್ಲಿ ನನ್ನ ಬೆಸುಗೆಗಳನ್ನು ಬಿಡಿಸುತ್ತಿದ್ದಾನೆ. ಇದನ್ನು ನಾನು ಬರೆಯುತ್ತಿರುವುದು ಇಲ್ಲಿ, ಆ ಪರದೇಶದ ಹೋಟೆಲಿನಲ್ಲಿ. ಗಲಾಟೆಯಿಲ್ಲ, ಬಸ್ಸುಗಳು ಗಾಜಿನ ಸಮೇತ ಓಡಾಡುತ್ತಿವೆ. ಹೆಂಡತಿ, ಮಗಳು ಕೆಳಗೆ ಮರಳಿನ ಮೇಲೆ ಕೂತಿದ್ದಾರೆ. ಹೆಂಡತಿ ನಗುವುದು ಇಲ್ಲಿಗೂ ಕೇಳಿಸುತ್ತದೆ. ನಾನು ಮಾತ್ರ ಮೂರು ದಿನದಿಂದ ಕೋಣೆ ಬಿಟ್ಟು ಕದಲಿಲ್ಲ. ಕಿಟಕಿಗೆ ಒಂದೇ ಒಂದು ಸರಳೂ ಇಲ್ಲ.

"ಬನ್ರೀ, ಕಿಟಕಿ ಎಲ್ಲಿಗೂ ಓಡಿಹೋಗಲ್ಲ" ಎಂದು ಈಗಷ್ಟೇ ಬಂದು ಕರೆದು ಹೋದಳು. ನಮ್ಮ ಕೋಣೆ ಒಂಬತ್ತನೇ ಮಹಡಿಯಲ್ಲಿದೆ, ಇಲ್ಲಿಗೆ ಯಾರು ಹತ್ತಿ ಬರುತ್ತಾರೆ ಎಂಬುದು ಅವಳ ವಾದ. ಇರಬಹುದು. ಆದರೆ ಬೆಳಗ್ಗೆಯಿಂದ ಒಂದು ಪಾರಿವಾಳ ಬಂದು ಬಂದು ಒಳಗೆ ಇಣುಕುತ್ತಿದೆ. ಅದರ ನೋಟ ನನಗೇಕೋ ಸರಿ ಕಾಣುತ್ತಿಲ್ಲ.