ಸತ್ತವನು ಮೆಣಸಿನಕಾಯಿ ತಿಂದ ಪ್ರಸಂಗ

ದುರ್ಗೇಶ್: ಲೇ ಹಾಲೇಶ, ಆ ಮೊಬೈಲ್ ಮೇಲಿಂದ ಹೆಬ್ಬೆಟ್ಟು ಎತ್ತು. ಫೋಟೊ ಕಳ್ಸಿದ್ಯೋ, ಇವತ್ತಿಗೆ ನಮ್ಮಿಬ್ರ ಸ್ನೇಹ ಮುಗೀತು.

ಹಾಲೇಶ್: ಸ್ನೇಹದ ವಿಷ್ಯ ಆಮೇಲೆ ನೋಡಾಣ. ಮೊದ್ಲು ಇದನ್ನ ಹೇಳು. ಸತ್ತೋನು ಮೆಣಸಿನಕಾಯಿ ತಿನ್ನಬೋದಾ?

ದುರ್ಗೇಶ್: ಹಸಿವಾಗಿತ್ತು ಕಣಲೇ!

ಆದಿವಾಲದ ದುರ್ಗೇಶನ ಮನೆ, ಭಾನುವಾರ ಬೆಳಿಗ್ಗೆ ಒಂಬತ್ತೂವರೆ. ಹಿರಿಯೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಹಾಲೇಶನಿಗೆ ಲೋಕದಲ್ಲಿ ಇದ್ದ ಹುಚ್ಚು ಒಂದೇ, 'ಸಿಡಿಲರಾಯ' ಧಾರಾವಾಹಿ. ಹಗಲೆಲ್ಲ ದನದ ಡಾಕ್ಟರಾಗಿ, ಜನರಿಗೆ ಕಷ್ಟ ಬಂದಾಗ ಕೆಂಪು ಹೊದಿಕೆ ಹೊದ್ದು ಆಕಾಶಕ್ಕೆ ಹಾರುವ ವೀರನ ಕಥೆ ಅದು. ಹಾಲೇಶ ಅದನ್ನು ನೋಡುತ್ತಿದ್ದುದು ಕಥೆಗಾಗಿ ಅಲ್ಲ, ಅದರಲ್ಲಿನ ತಪ್ಪಿಗಾಗಿ. ಚಾನೆಲ್‌ನವರೂ ಜಾಣರು. ವಾರದ ದೊಡ್ಡ ತಪ್ಪು ಹಿಡಿದವರಿಗೆ ಸಿಡಿಲರಾಯನ ಪಕ್ಕದಲ್ಲೇ ಕೂತು ಊಟ ಎಂದು ಸ್ಪರ್ಧೆ ಇಟ್ಟಿದ್ದರು. ಶುಕ್ರವಾರದ ಕಂತಿನ ಮರುಪ್ರಸಾರ ಭಾನುವಾರ ಹತ್ತು ಗಂಟೆಗೆ ಶುರುವಾಗುವುದರೊಳಗೆ ತಪ್ಪಿನ ಫೋಟೊ ಕಳಿಸಬೇಕು. ತಪ್ಪು ಖಚಿತವಾದರೆ ಆ ತುಣುಕನ್ನು ಅಲ್ಲಿಂದಲ್ಲಿಗೇ ಕತ್ತರಿಸಿ, ಉಳಿದದ್ದನ್ನು ಮರುಪ್ರಸಾರ ಮಾಡುತ್ತಿದ್ದರು.

ಈ ವಾರ ಹಾಲೇಶನ ಬಲೆಗೆ ಬಿದ್ದ ತಪ್ಪಿನ ಹೆಸರು ದುರ್ಗೇಶ್. ಶೂಟಿಂಗ್ ತಂಡದ ಅಡುಗೆಯವರಿಗೆ ಟೊಮೇಟೊ ಕೊಡಲು ಲಗೇಜ್ ಆಟೋದಲ್ಲಿ ಹೋಗಿದ್ದವನನ್ನು ಅವರು ಹಿಡಿದು ನಟನನ್ನಾಗಿ ಮಾಡಿಬಿಟ್ಟಿದ್ದರು.

ದುರ್ಗೇಶ್: ಬೇರೆ ತಪ್ಪೇ ಸಿಗ್ಲಿಲ್ವೇನೋ ನಿನಗೆ? ಆ ಬಸ್ಸಿನ ಬೋರ್ಡು ಕಳ್ಸು. ಹೊರಡುವಾಗ ಹೊಸದುರ್ಗ ಅಂತಿತ್ತು, ಕಣಿವೆಗೆ ಬೀಳುವಾಗ ಹೊಳಲ್ಕೆರೆ ಅಂತ ಆಗಿತ್ತು.

ಹಾಲೇಶ್: ಅದನ್ನ ಊರೆಲ್ಲಾ ಕಳ್ಸೈತೆ. 'ಗಾಬರೀಲಿ ಡ್ರೈವರು ಬೋರ್ಡು ತಿರುಗಿಸಿದ' ಅಂತ ಚಾನೆಲ್‌ನೋರು ಉತ್ತರಾನೂ ಕೊಟ್ಟವ್ರೆ.

ದುರ್ಗೇಶ್: ಹಾರೋದು? ದುರ್ಗದ ಕೋಟೆ ಮೇಲಿಂದ ಹಾರಿದೋನು ಹಿರಿಯೂರಿಗೆ ಬರೋದ್ರೊಳಗೆ ಒಂದು ಹಾಡು, ಎರಡು ಜಾಹೀರಾತು ಮುಗುದ್ವು. ನನ್ನ ಆಟೋದಾಗೆ ಲೋಡ್ ಹಾಕ್ಕಂಡು ಬಂದ್ರೂ ನಾನೇ ಮೊದ್ಲು ಬರ್ತೀನಿ.

ಹಾಲೇಶ್: ಎದುರು ಗಾಳಿ ಇತ್ತಂತೆ. ಬೆಟ್ಟದ ಮೇಲಿನ ಗಾಳಿ ಫ್ಯಾನು ತೋರ್ಸಿದ್ರಲ್ಲ, ನೋಡ್ಲಿಲ್ವಾ?

ದುರ್ಗೇಶ್: ಬಸ್ಸನ್ನೇ ಒಂದು ಕೈಯಾಗೆ ಎತ್ತೋನು, ಹೋದ ವಾರ ಉಪ್ಪಿನಕಾಯಿ ಜಾಡಿ ಮುಚ್ಚಳ ತೆಗಿಯಾಕಾಗ್ದೆ ಹೆಂಡ್ತಿ ಕೈಗೆ ಕೊಟ್ನಲ್ಲ?

ಹಾಲೇಶ್: ಅದು ತಪ್ಪಲ್ಲ ಕಣಲೇ. ತಾನು ಯಾರು ಅನ್ನೋ ಗುಟ್ಟು ಕಾಪಾಡಾಕೆ. ಇವೆಲ್ಲಾ ಪುಡಿ ತಪ್ಪು. ನಿನ್ನದು ಹಂಗಲ್ಲ. ಬಸ್ಸಿನಾಗಿದ್ದೋರನ್ನೆಲ್ಲಾ ಸಿಡಿಲರಾಯ ಉಳಿಸ್ದ. ಒಬ್ಬೇ ಒಬ್ಬ ಸತ್ತ. ಆ ಒಬ್ಬ ಯಾರು?

ದುರ್ಗೇಶ್: ನಾನು.

ಇದನ್ನು ಹೇಳುವಾಗ ದುರ್ಗೇಶನ ಎದೆ ಎರಡು ಬೆರಳಷ್ಟು ಉಬ್ಬಿತು.

ಹಾಲೇಶ್: ಸಿಡಿಲರಾಯ ನಿನ್ನ ಹೆಣದ ಮುಂದೆ ಮಂಡಿಯೂರಿ ಏನಂದ? 'ಈ ಅಮಾಯಕನ ಸಾವಿಗೆ ಸೇಡು ತೀರಿಸುವವರೆಗೆ ನನ್ನ ಪಾದ ನೆಲ ಮುಟ್ಟುವುದಿಲ್ಲ' ಅಂದ. ಅಂದೋನು ಎದ್ದು, ನಡ್ಕಂಡೇ ಮಂಡಕ್ಕಿ ಅಂಗಡಿಗೆ ಬಂದ. ಅದೂ ಹೋಗ್ಲಿ. ಕಣ್ಣೀರು ಒರೆಸ್ಕಂತಾ ಅಂಗಡಿಯೋನ ಹತ್ರ ಬಸ್ಸು ಬೀಳ್ಸಿದ ಖಳನ ಗುರುತು ಕೇಳ್ತಾವ್ನೆ. ಅವನ ಹಿಂದೆ ನೀನು! ಅದೇ ಹಳದಿ ಅಂಗಿ, ಹಣೆ ಮೇಲೆ ಅದೇ ರಕ್ತ, ಕೈಯಾಗೆ ಮೆಣಸಿನಕಾಯಿ ಬಜ್ಜಿ. ಸಾಲ್ದು ಅಂತ 'ಈರುಳ್ಳಿ ಹಾಕು' ಅಂತ ಸನ್ನೆ ಬ್ಯಾರೆ ಮಾಡ್ತೀಯ!

ದುರ್ಗೇಶ್: ಆ ಅಂಗಡೀನೂ ಸೆಟ್ಟು ಅಂತ ನನಗೇನು ಕನಸು ಬಿದ್ದಿತ್ತಾ? ಬೆಳಿಗ್ಗೆ ಹೆಣ ಮಾಡಿ ಮಲಗಿಸಿದೋರು ಮಧ್ಯಾಹ್ನ ಎಬ್ಬಿಸಿದ್ರು. ಎದ್ದು ನೋಡಿದ್ರೆ ಎದುರಿಗೇ ಅಂಗಡಿ, ಬಾಣಲೆಯಾಗೆ ಬಿಸಿ ಬಿಸಿ ಮೆಣಸಿನಕಾಯಿ. ನಮಗೇ ಊಟಕ್ಕೆ ಮಾಡ್ಸವ್ರೆ ಅಂದ್ಕಂಡೆ.

ಹಾಲೇಶ್: ಇಡೀ ಕಥೆ ನಿನ್ನ ಹೆಣದ ಮೇಲೆ ನಿಂತೈತೆ. ಇಂಥಾ ತಪ್ಪು ಮತ್ತೆ ಈ ಜನ್ಮದಾಗೆ ಸಿಗಲ್ಲ. ನಾನು ಕಳ್ಸದಿದ್ರೆ ಬಾಗೂರಿನ ಪಲ್ಲವಿ ಕಳ್ಸೇ ಕಳಿಸ್ತಾಳೆ. ಹೋದ ವಾರಾನೂ ಅವಳೇ ಗೆದ್ಲು, ಅದರ ಹಿಂದಿನ ವಾರಾನೂ ಅವಳೇ.

ದುರ್ಗೇಶ್: ನೋಡು, ಸತ್ತಿದ್ದು ಬರೀ ನನ್ನ ಬೆನ್ನು. ಹಣೆಗೆಲ್ಲಾ ಬಣ್ಣ ಬಳಿದು, ಆಮೇಲೆ ಬೋರಲು ಮಲಗಿಸಿದ್ರು. ಬಸ್ಸಿನಾಗೆ ಕುಂತಾಗ ಮುಂದೆ ಒಬ್ಬ ದಪ್ಪನೆಯೋನು ಅಡ್ಡ. ಮುಖ ಕಾಣೋದು ಆ ಅಂಗಡಿಯಾಗೆ ಮಾತ್ರ. ಶುಕ್ರವಾರ ನಾನು ಹಿರಿಯೂರಾಗೆ ನೋಡ್ದೆ, ಇಲ್ಲಿ ಕರೆಂಟು ಹೋಗಿ ಅವ್ವ ನೋಡಿಲ್ಲ. ಟಿವಿ ಬಿಟ್ರೆ ಅದು ಬ್ಯಾರೆ ಕಡೆ ಸಿಗದೂ ಇಲ್ಲ. ಈಗ ಅದನ್ನೂ ಕತ್ತರಿಸಿದ್ರೆ ಅವ್ವ ಏನು ನೋಡ್ಬೇಕು? ನನ್ನ ಬೆನ್ನಾ?

ಅಷ್ಟರಲ್ಲಿ ದುರ್ಗೇಶನ ತಾಯಿ ಉಚ್ಚಂಗಮ್ಮ ಎರಡು ಲೋಟ ಚಹಾ ಹಿಡಿದು ಬಂದಳು. ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಪೆಟ್ಟಿಗೆಯಲ್ಲಿದ್ದ ನೇರಳೆ ಬಣ್ಣದ ಸೀರೆ ಉಟ್ಟಿದ್ದಳು.

ಉಚ್ಚಂಗಮ್ಮ: ಏನ್ರಲೇ, ಬೆಳಿಗ್ಗೆ ಬೆಳಿಗ್ಗೆ ಸತ್ತ, ಹೆಣ ಅಂತೀರಿ? ಯಾರು ಹೋದ್ರು?

ದುರ್ಗೇಶ್: ಮೊಬೈಲ್ ಅವ್ವ. ಹಾಲೇಶನ ಮೊಬೈಲ್ ಸತ್ತೋಗೈತೆ.

ಹಾಲೇಶನ ಕೈಯಲ್ಲಿದ್ದ ಮೊಬೈಲು ಅದೇ ಕ್ಷಣಕ್ಕೆ 'ಟಿಣ್' ಎಂದಿತು.

ಉಚ್ಚಂಗಮ್ಮ: ಕೂಗ್ತಾ ಐತಲ್ಲೋ?

ಹಾಲೇಶ್: ಈ ವಾರ ಸತ್ತೋರೆಲ್ಲಾ ಎದ್ದು ಬರ್ತಾವ್ರೆ ದೊಡ್ಡವ್ವ.

ಉಚ್ಚಂಗಮ್ಮ: ಹೋಗ್ಲಿ ಬಿಡು. ಅಲ್ಲಪ್ಪ, ಇವ್ನು ಬಸ್ಸಿನಾಗೆ ಕುಂತಿರ್ತೀನಿ ಅಂದ. ಕಿಟಕಿ ಪಕ್ಕಾನಾ?

ಹಾಲೇಶ್: ಮೊದ್ಲು ಕುಂತಿರ್ತಾನೆ. ಆಮೇಲೆ ಮಲಗಿಬಿಡ್ತಾನೆ.

ಉಚ್ಚಂಗಮ್ಮ: ಅಯ್ಯೋ ನಿನ್ನ! ಟಿವಿಯೋರು ಕರದಿರೋದೇ ದೊಡ್ಡದು, ಅವರ ಮುಂದೆ ಮಲಗೋದಾ?

ದುರ್ಗೇಶ್: ಅವರೇ ಮಲಗು ಅಂದ್ರು ಅವ್ವ. ಅದೇ ಕೆಲ್ಸ.

ಉಚ್ಚಂಗಮ್ಮ: ಹಂಗಾದ್ರೆ ಸರ್ಯಾದೋನ್ನೇ ಹುಡುಕವ್ರೆ. ಯಾರೂ ಎಬ್ಬಿಸ್ಲಿಲ್ವಾ?

ಹಾಲೇಶ್: ಸಿಡಿಲರಾಯನೇ ಬಂದು ಎಬ್ಬಿಸ್ತಾನೆ ದೊಡ್ಡವ್ವ. ಇವ್ನು ಏಳಲ್ಲ.

ಉಚ್ಚಂಗಮ್ಮ: ಅಂಥಾ ದೊಡ್ಡ ಮನುಷ್ಯ ಬಂದು ಎಬ್ಬಿಸಿದ್ರೂ ಏಳ್ಲಿಲ್ವಾ? ಮರ್ಯಾದೆ ತೆಗೆದ್ಯಲ್ಲೋ! ಅವ್ನು ಬೈಲಿಲ್ವಾ?

ಹಾಲೇಶ್: ಅತ್ತ.

ಉಚ್ಚಂಗಮ್ಮ: ಅಳದೇ ಏನು ಮಾಡ್ತಾನೆ ಪಾಪ. ನಾನು ದಿನಾ ಅಳ್ತೀನಿ.

ಹಾಲೇಶ ಚಹಾದಲ್ಲಿ ಮುಖ ಮುಚ್ಚಿಕೊಂಡು ನಕ್ಕ. ದುರ್ಗೇಶ ಅವನ ಕಾಲು ತುಳಿದ.

ಉಚ್ಚಂಗಮ್ಮ: ಅದೇನೋ ತಪ್ಪು ಹಿಡೀತೀಯಂತಲ್ಲಪ್ಪ ಹಾಲೇಶ, ನಾನೂ ಒಂದು ಹೇಳ್ಲಾ? ಆ ಸಿಡಿಲರಾಯ ದನದ ಡಾಕ್ಟ್ರು ತಾನೆ? ನಮ್ಮೆಮ್ಮೆ ಕರ ಹಾಕುವಾಗ ಫೋನ್ ಮಾಡಿ ಮಾಡಿ ನನ್ನ ಕಿವಿ ಬಿಸಿಯಾಯ್ತು, ಯಾವ ಡಾಕ್ಟ್ರೂ ಬರ್ಲಿಲ್ಲ. ಇವ್ನು ಕರೀದೇ ಬರ್ತಾನೆ. ಬರ್ಕ, ಅದು ಸುಳ್ಳು.

ದುರ್ಗೇಶ್: ಅವ್ವ, ಅವ್ನು ಬರೋದು ಹಾರ್ಕಂಡು.

ಉಚ್ಚಂಗಮ್ಮ: ಹಾರ್ಲಿ ಬಿಡು, ಬ್ಯಾಡ ಅಂದೋರ್ಯಾರು? ಇನ್ನೊಂದು. ಅವನ ಹೆಂಡ್ತಿಗೆ ಗಂಡನೇ ಸಿಡಿಲರಾಯ ಅಂತ ಇನ್ನೂ ಗೊತ್ತಿಲ್ವಂತೆ. ಆ ಕೆಂಪು ಹೊದಿಕೆ ಒಗಿಯೋರ್ಯಾರು? ಒಂದು ಸಲ ಬಕೀಟಿಗೆ ಬಿದ್ರೆ ಮನೆಮಂದಿ ಬಿಳಿ ಬಟ್ಟೆಯೆಲ್ಲಾ ಕೆಂಪಾಗ್ತವೆ. ಅವತ್ತೇ ಸಿಕ್ಕಿಬೀಳ್ತಿದ್ದ.

ಹಾಲೇಶ ಬೆರಗಾಗಿ ನೋಡಿದ. ಇಷ್ಟು ವಾರದಲ್ಲಿ ಪಲ್ಲವಿಗೂ ಹೊಳೆಯದ ತಪ್ಪು ಇದು. ಆದರೆ ಒಗೆಯದ ಬಟ್ಟೆಯ ಫೋಟೊ ಎಲ್ಲಿಂದ ತರುವುದು?

ಉಚ್ಚಂಗಮ್ಮ: ಏನಾದ್ರಾಗ್ಲಿ, ನಾನು ನೋಡೋದು ನನ್ನ ಮಗನ ಮುಖ ಒಂದೇ. ಮದ್ವೆ ಮನೇಲೂ ಇವ್ನು ಫೋಟೊಗೆ ನಿಂತೋನಲ್ಲ. ಟಿವಿಯಾಗೆ ಹೆಂಗೆ ಕಾಣ್ತಾನೋ ನೋಡ್ಬೇಕು.

ಅವಳು ಚಾಪೆ ಹಾಸಲು ಒಳಗೆ ಹೋದಳು. ಹಾಲೇಶ ಮೊಬೈಲನ್ನು ನೋಡಿದ, ನೇರಳೆ ಸೀರೆಯ ಸೆರಗು ಮಾಯವಾದ ಬಾಗಿಲನ್ನು ನೋಡಿದ. ಸಿಡಿಲರಾಯನ ಪಕ್ಕದ ಎಲೆ, ಎಲೆಯ ಮೇಲಿನ ಹೋಳಿಗೆ, ಎಲ್ಲವೂ ಅವನ ಕಣ್ಣೆದುರಿನಿಂದ ಹಾರಿಹೋದವು.

ಹಾಲೇಶ್: ಸರಿ, ಕಳ್ಸಲ್ಲ. ಹಾಳಾಗೋಗು.

ದುರ್ಗೇಶ್: ಹಂಗಂದ್ರೆ ಸಾಲ್ದು. ಫೋಟೊ ಅಳಿಸು, ನನ್ನ ಕಣ್ಮುಂದೆ. ಅಳಿಸಿದ್ದೆಲ್ಲಾ ಹೋಗಿ ಕುಂತ್ಕಣಾ ಜಾಗ ಇರ್ತೈತಲ್ಲ, ಅಲ್ಲಿಂದಾನೂ.

ಹಾಲೇಶ್: ಇಷ್ಟೂ ನಂಬಿಕೆ ಇಲ್ವೇನೋ?

ದುರ್ಗೇಶ್: ನಿನ್ನ ಮೇಲೆ ಐತೆ. ಆ ಹೆಬ್ಬೆಟ್ಟಿನ ಮೇಲಿಲ್ಲ.

ಹಾಲೇಶ ಅಳಿಸಿದ. ಗಡಿಯಾರ ಹತ್ತು ಬಾರಿಸಿತು, ಟಿವಿಯಲ್ಲಿ ಗುಡುಗು ಸದ್ದಾಯಿತು. ಪಲ್ಲವಿ ತಪ್ಪು ಕಳಿಸಿದ್ದಾಳೋ ಇಲ್ಲವೋ ಎಂಬ ಭಯದಲ್ಲಿ ಇಬ್ಬರೂ ಚಾಪೆಯ ತುದಿಗೆ ಸರಿದು ಕೂತರು. ಬಸ್ಸು ಬಂತು, ದಪ್ಪನೆಯವನು ಕಂಡ, ಬಸ್ಸು ಉರುಳಿತು. ಕಲ್ಲಿನ ಮೇಲೆ ಹಳದಿ ಅಂಗಿಯ ಬೆನ್ನೊಂದು ಬೋರಲು ಬಿದ್ದಿತ್ತು.

ಉಚ್ಚಂಗಮ್ಮ: ಅಯ್ಯೋ! ಆ ಅಂಗಿ... ಆ ತೇಪೆ ನಾನೇ ಹೊಲಿದಿದ್ದು! ಅಯ್ಯೋ ನನ್ನಪ್ಪಾ, ನನ್ನ ಕಂದಾ!

ದುರ್ಗೇಶ್: ಅವ್ವ, ನಾನು ಇಲ್ಲೇ ಕುಂತಿದೀನಿ!

ಉಚ್ಚಂಗಮ್ಮ: ನೀನು ಸುಮ್ನಿರೋ! ಅಲ್ಲಿ ನನ್ನ ಮಗ ಸತ್ತು ಬಿದ್ದವ್ನೆ!

ಹಾಲೇಶ್: ದೊಡ್ಡವ್ವ, ಅದು ಸುಮ್ನೆ ನಟನೆ.

ಉಚ್ಚಂಗಮ್ಮ: ನಟನೆಗಾದ್ರೂ ಸಾಯಬೋದೇನೋ? ಊರೆಲ್ಲಾ ನೋಡೈತೆ. ಎಷ್ಟು ಕಣ್ಣು ಬಿದ್ದಾವೋ! ಏಳು, ಏಳೋ, ಬಾಗ್ಲಿಗೆ ಮುಖ ಮಾಡಿ ನಿಂತ್ಕ!

ಜಾಹೀರಾತು ಮುಗಿಯುವುದರೊಳಗೆ ಅವಳು ಅರಿಸಿನ, ಸುಣ್ಣ ಕದಡಿ ತಟ್ಟೆಯಲ್ಲಿ ಕೆಂಪು ನೀರು ಮಾಡಿಕೊಂಡು ಬಂದಳು. ಮಗನನ್ನು ನಿಲ್ಲಿಸಿ ನಿವಾಳಿಸಿದಳು. ಆ ನೀರನ್ನು ಬೀದಿಗೆ ಚೆಲ್ಲಲು ಅವಳು ಹೊಸ್ತಿಲು ದಾಟಿದಾಗ ಟಿವಿಯಲ್ಲಿ ಮಂಡಕ್ಕಿ ಅಂಗಡಿ ಮೂಡಿತು. ಏನನ್ನೂ ಕತ್ತರಿಸಿರಲಿಲ್ಲ! ಸಿಡಿಲರಾಯನ ಹೆಗಲ ಹಿಂದೆ, ಹಣೆಯ ತುಂಬ ರಕ್ತ, ಬಾಯಿ ತುಂಬ ಮೆಣಸಿನಕಾಯಿ ತುಂಬಿಕೊಂಡು ದುರ್ಗೇಶ ನಗುತ್ತಿದ್ದ.

ದುರ್ಗೇಶ್: ಅವ್ವ! ಬಂದೆ! ನಾನು ಬಂದೆ ಟಿವಿಯಾಗೆ!

ಹಾಲೇಶ್: ದೊಡ್ಡವ್ವ, ಹಿಂದೆ ತಿರುಗಿ ನೋಡು, ಬೇಗ!

ಉಚ್ಚಂಗಮ್ಮ: ದೃಷ್ಟಿ ನೀರು ಚೆಲ್ಲಾಕೆ ಹೋಗುವಾಗ ಹಿಂದೆ ತಿರುಗಿ ನೋಡಬಾರ್ದು ಕಣ್ರಲೇ! ಅಷ್ಟೂ ಗೊತ್ತಾಗಲ್ವಾ?

ದುರ್ಗೇಶ್: ಒಂದೇ ಒಂದು ಸಲ ಅವ್ವ!

ಉಚ್ಚಂಗಮ್ಮ: ಒಂದು ಸಲ ಸತ್ತಿದ್ದು ಸಾಲ್ದಾ ನಿನಗೆ?

ಅವಳು ಹಿಂದೆ ತಿರುಗದೆ ಬೀದಿಯವರೆಗೆ ಹೋಗಿ, ನೀರು ಚೆಲ್ಲಿ, ಕಾಲು ತೊಳೆದುಕೊಂಡು ನೆಮ್ಮದಿಯಿಂದ ಒಳಗೆ ಬಂದಳು. ಟಿವಿಯಲ್ಲಿ ಸಿಡಿಲರಾಯ ಆಗಲೇ ಮೋಡದೊಳಗೆ ಮಾಯವಾಗಿದ್ದ.

ಉಚ್ಚಂಗಮ್ಮ: ಹೂಂ, ಈಗ ತೋರ್ಸಿ. ಎಲ್ಲಿ?

ದುರ್ಗೇಶ್: ಹೋಯ್ತು ಅವ್ವ. ...ಲೇ ಹಾಲೇಶ, ಆ ಫೋಟೊ?

ಹಾಲೇಶ್: ಯಾವ ಫೋಟೊ? ಕುತ್ತಿಗೆ ಮೇಲೆ ಕುಂತು ಅಳಿಸೋ ಹಂಗೆ ಮಾಡಿದ್ಯಲ್ಲ, ಅದಾ?

ದುರ್ಗೇಶ್: ನಾನು ಅಳಿಸು ಅಂದ್ರೆ ನೀನು ಅಳಿಸಿಬಿಡೋದಾ? ಯಾವತ್ತಾದ್ರೂ ನನ್ನ ಮಾತು ಕೇಳಿದೀಯೇನೋ? ಇವತ್ತೇ ಕೇಳ್ಬೇಕಿತ್ತಾ?

ಉಳಿದದ್ದು ಒಂದೇ ದಾರಿ. ಹಾಲೇಶ ಹಲ್ಲು ಕಚ್ಚಿ ಪಲ್ಲವಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ.

ಹಾಲೇಶ್: ಪಲ್ಲವಿಯೋರೇ, ಹಿರಿಯೂರಿನ ಹಾಲೇಶ. ಆ ಹಳದಿ ಅಂಗಿಯೋನು, ಮೆಣಸಿನಕಾಯಿ... ಫೋಟೊ ಐತಾ ನಿಮ್ಮ ಹತ್ರ?

ಪಲ್ಲವಿ: ಇಲ್ದೇ ಇರ್ತೈತಾ? ಶುಕ್ರವಾರನೇ ತೆಗ್ದಿಟ್ಟೀನಿ.

ಹಾಲೇಶ್: ಮತ್ತೆ ಸ್ಪರ್ಧೆಗೆ ಯಾಕೆ ಕಳ್ಸಿಲ್ಲ?

ಪಲ್ಲವಿ: ಅದು ತಪ್ಪೇ ಅಲ್ಲ ಹಾಲೇಶಣ್ಣ. ನಾನು ಕೂಲಂಕಷವಾಗಿ ನೋಡೀನಿ. ಸತ್ತೋನಿಗೆ ಒಬ್ಬ ಅವಳಿ ತಮ್ಮ ಅವ್ನೆ. ಹುಟ್ಟಿದಾಗಲೇ ಬ್ಯಾರೆ ಆಗಿರೋನು. ಮುಂದಿನ ಭಾಗದಾಗೆ ಅವನೇ ಸೇಡು ತೀರಿಸಾದು, ಬೇಕಾದ್ರೆ ನೋಡ್ತಿರಿ.

ಉಚ್ಚಂಗಮ್ಮ ಫೋನನ್ನೇ ಕಿತ್ತುಕೊಂಡಳು.

ಉಚ್ಚಂಗಮ್ಮ: ಯಾವ ತಮ್ಮನೇ ತಾಯಿ? ನಾನು ಹೆತ್ತಿದ್ದು ಒಂದೇ!

ಪಲ್ಲವಿ: ನೀವು ಯಾರು ಮಾತಾಡೋದು?

ಉಚ್ಚಂಗಮ್ಮ: ಸತ್ತೋನ ತಾಯಿ.

ಆ ಕಡೆ ಪಲ್ಲವಿ ನೋಟ್‌ಬುಕ್ಕಿನ ಹಾಳೆ ತಿರುವುವ ಸದ್ದು ಕೇಳಿಸಿತು.

ಪಲ್ಲವಿ: ಹೆರಿಗೆ ಟೈಮಿನಾಗೆ ನಿಮಗೆ ಪ್ರಜ್ಞೆ ಇತ್ತಾ ಅಮ್ಮ? ಕಥೆಯಾಗೆ ಅಲ್ಲೇ ಮೋಸ ಆಗಿರ್ತೈತೆ.

ಉಚ್ಚಂಗಮ್ಮ: ಸೂಲಗಿತ್ತಿ ನಮ್ಮತ್ತೇನೇ. ಇನ್ನೊಂದು ಇದ್ದಿದ್ರೆ ಅದನ್ನೂ ನನ್ನ ಮಡಿಲಿಗೇ ಹಾಕಿರೋಳು. ಫೋಟೊ ಕಳ್ಸವ್ವ ಸುಮ್ನೆ.

ಫೋಟೊ ಬಂತು. ಉಚ್ಚಂಗಮ್ಮ ಸೆರಗಿನಿಂದ ಮೊಬೈಲಿನ ಗಾಜು ಒರೆಸಿ, ಬಾಗಿಲ ಬೆಳಕಿಗೆ ಹಿಡಿದಳು. ಮುಖ ಅರಳಿತು. ಬೆರಳಿನಿಂದ ಮಗನ ಕೆನ್ನೆ ಸವರಿದಳು, ಗಾಜಿನ ಮೇಲಿನದನ್ನು. ಬಳಿಕ ಫೋಟೊವನ್ನು ದೊಡ್ಡದು ಮಾಡಿ, ಹುಬ್ಬು ಗಂಟಿಕ್ಕಿ ಮತ್ತೆ ನೋಡಿದಳು.

ದುರ್ಗೇಶ್: ಹೆಂಗಿದೀನಿ ಅವ್ವ?

ಉಚ್ಚಂಗಮ್ಮ: ಮನೇಲಿ ಸಾರು ಒಂಚೂರು ಖಾರ ಆದ್ರೆ ತಟ್ಟೆ ತಳ್ಳಿ ಎದ್ದು ಹೋಗೋನು, ಇಲ್ಲಿ ಅಂಗೈಯುದ್ದ ಮೆಣಸಿನಕಾಯಿ ನಗ್ತಾ ತಿಂತಾವ್ನೆ! ಸತ್ತು ಎದ್ದು ಬಂದ ಅಂದ್ರೆ ಬೇಕಾದ್ರೆ ನಂಬ್ತೀನಿ, ಇದನ್ನ ಮಾತ್ರ ನಂಬಲ್ಲ. ಹಾಲೇಶ, ಕಳ್ಸಪ್ಪ ಚಾನೆಲ್‌ನೋರಿಗೆ. ತಪ್ಪು ಅಂದ್ರೆ ಇದು!