ವಿಮೆ ಬಂತು, ಕೆಮ್ಮು ಅಡಗಿತು

ಕಾರ್ಮಿಕರಿಗೆ ಒಳ್ಳೆಯದಾಗಲೆಂದು ಸರ್ಕಾರ ಹೊಸ ಕಾಯ್ದೆ ತಂದಾಗಲೆಲ್ಲ ನಮ್ಮ ಹತ್ತಿ ಗಿರಣಿಗೆ ಮೊದಲು ಬರುವುದು ಅನುಮಾನ. ಒಳ್ಳೆಯದು ಆಮೇಲೆ ನಿಧಾನವಾಗಿ ಬರುತ್ತದೆ. ಬಿ.ಎಸ್ಸಿ. ಮುಗಿಸಿದ ನಾನು ಹರಿಹರದಿಂದ ದಿನಾ ರೈಲಿನಲ್ಲಿ ದಾವಣಗೆರೆಗೆ ಬಂದು, ಗಿರಣಿಯ ಕಚೇರಿಯಲ್ಲಿದ್ದುಕೊಂಡು, ಈ ಕಾಯ್ದೆಗಳನ್ನು ಜನರಿಗೆ ತಿಳಿಸಿ ಹೇಳುತ್ತೇನೆ. ರಸಾಯನಶಾಸ್ತ್ರ ಇದಕ್ಕಿಂತ ಸುಲಭವಿತ್ತು.

೧. ಫಂಡು

ಮೊದಲು ಬಂದದ್ದು ಭವಿಷ್ಯ ನಿಧಿ. ಗಿರಣಿಯಲ್ಲಿ ನೂಲು ತೆಗೆಯುವ ವಿಭಾಗಕ್ಕೆ ನೂಲಿನ ಖಾತೆ ಎಂದೂ ಅದರ ಮೇಸ್ತ್ರಿಗೆ ಜಾಬರ್ ಎಂದೂ ಹೆಸರು. ಅವನು ಒಪ್ಪಿದರೆ ಖಾತೆಯೆಲ್ಲ ಒಪ್ಪಿದಂತೆ. ಅವನ ಹತ್ತಿರ ಹೋದೆ.

"ಸಂಬಳದಾಗೆ ಸ್ವಲ್ಪ ಹಿಡೀತಾರೆ, ಯಜಮಾನ್ರೆ. ಗಿರಣಿಯೋರೂ ಅಷ್ಟೇ ಹಾಕ್ತಾರೆ. ಕೆಲಸ ಬಿಟ್ಟಾಗ ಎಲ್ಲಾ ನಿಮಗೇ."

"ಗಿರಣಿಯೋರು ಯಾಕ ಹಾಕ್ತಾರೆ?"

"ಕಾಯ್ದೆ ಐತೆ."

"ಅವರಿಗೇನು ಲಾಭ?"

"ಏನೂ ಇಲ್ಲ."

"ಹಂಗಾರೆ ಏನೋ ಐತೆ," ಎಂದ.

ಅವನು ತೀರಿಕೊಂಡರೆ ಹಣ ಹೆಂಡತಿಗೆ ಸೇರುತ್ತದೆ ಎಂದೂ ವಿವರಿಸಿದೆ. ಆತ ಸುತ್ತಮುತ್ತ ನೋಡಿ ದನಿ ತಗ್ಗಿಸಿದ.

"ಇದನ್ನ ಆಕೆಗೆ ಹೇಳೀರೇನ್ರಿ?"

"ಇಲ್ಲ."

"ಹೇಳಬ್ಯಾಡ್ರಿ. ಈಗ ನಾನು ಮನೆಗೆ ಹೋಗೋದು ತಡ ಆದ್ರೆ ಹೆದರ್ತಾಳೆ. ಆಮೇಲೆ ಹೆದರಾದಿಲ್ಲ."

೨. ಕರೆಂಟ್ ಹೋದಾಗ

ಆಮೇಲೆ ಆರೋಗ್ಯ ವಿಮೆ ಬಂತು. ಗಿರಣಿಯ ಗೇಟಿನ ಎದುರಿಗೇ ದವಾಖಾನೆ ತೆರೆದರು. ಔಷಧಕ್ಕೆ ದುಡ್ಡಿಲ್ಲ, ಕಾಯಿಲೆ ಬಿದ್ದರೆ ರಜೆ, ರಜೆಯಲ್ಲೂ ಅಷ್ಟಿಷ್ಟು ಕೂಲಿ. ಆದರೂ ಒಬ್ಬರೂ ಹೋಗಲಿಲ್ಲ. ಡಾಕ್ಟರು ಪೇಪರ್ ಓದುತ್ತ ಕೂತಿರುತ್ತಿದ್ದರು.

ಜಾಬರನಿಗೆ ಹತ್ತಿಯ ಧೂಳಿನಿಂದ ಕೆಟ್ಟ ಕೆಮ್ಮು. ದಿನದಿನಕ್ಕೆ ಇಳಿದು ಹೋಗುತ್ತಿದ್ದ. "ತೋರಿಸಿಕೊಳ್ರಿ," ಎಂದೆ.

"ತೋರಿಸಿದ್ರೆ ಡಾಕ್ಟ್ರು ಬರೀತಾರೆ. ಬರೆದದ್ದು ಮ್ಯಾನೇಜರ್ ಓದ್ತಾರೆ. ನಾನು ಗೇಟಿನ ಹೊರಗೆ."

"ಕಾಯಿಲೆ ರಜೆಯಾಗೆ ಇದ್ದೋರನ್ನ ತೆಗೆಯೋ ಹಂಗಿಲ್ಲ. ಕಾಯ್ದೆ ಐತೆ."

"ಮತ್ತೆ ಕಾಯ್ದೆ," ಎಂದು ಎದ್ದು ಹೋದ. ಯಂತ್ರ ಓಡುವಾಗ ಮಾತ್ರ ಕೆಮ್ಮುತ್ತಿದ್ದ. ಆ ಸದ್ದಿನಲ್ಲಿ ಫಿರಂಗಿ ಹಾರಿದರೂ ಕೇಳಿಸದು.

ಮ್ಯಾನೇಜರಿಗೆ ಬೇರೆಯೇ ಅನುಮಾನ. ಕೂಲಿ ಸಹಿತ ರಜೆ ಸಿಗುವುದರಿಂದ ಇನ್ನು ಎಲ್ಲರೂ ಕೆಮ್ಮಲು ಶುರುಮಾಡುತ್ತಾರೆ ಎಂದು ದಿನಾ ಖಾತೆಗೆ ಬಂದು ಕಿವಿಗೊಟ್ಟು ನಿಲ್ಲುತ್ತಿದ್ದರು. ಒಂದು ದಿನ ಅವರು ಅಲ್ಲಿರುವಾಗಲೇ ಕರೆಂಟ್ ಹೋಯಿತು. ಯಂತ್ರಗಳೆಲ್ಲ ನಿಂತವು. ಕೆಮ್ಮು ನಿಲ್ಲಲಿಲ್ಲ. ಜಾಬರನೊಬ್ಬನದಲ್ಲ, ಖಾತೆಗೆ ಖಾತೆಯೇ ಕೆಮ್ಮುತ್ತಿತ್ತು.

"ಯಾರು ಕೆಮ್ಮಿದ್ದು?" ಎಂದರು ಮ್ಯಾನೇಜರು.

ಎಲ್ಲರೂ ಉಸಿರು ಬಿಗಿಹಿಡಿದು ಮುಖ ಕೆಂಪಗೆ ಮಾಡಿಕೊಂಡು ನಿಂತರು. ಆ ಮೌನದಲ್ಲಿ ಧೂಳು ಕುಡಿದ ಮ್ಯಾನೇಜರಿಗೇ ಕೆಮ್ಮು ಹತ್ತಿತು. ಬಿಡುವಂತೆ ಕಾಣಲಿಲ್ಲ. ಜಾಬರ್ ವಿನಯದಿಂದ ಹೇಳಿದ, "ದವಾಖಾನೆ ಗೇಟಿನ ಎದುರಿಗೇ ಐತ್ರಿ, ಸಾಹೇಬ್ರೆ."

೩. ಯಾರ ಕೆಮ್ಮು

ದವಾಖಾನೆಯಲ್ಲಿ ಕಾರ್ಮಿಕರ ಮನೆಯವರನ್ನೂ ನೋಡುತ್ತಿದ್ದರು. ಒಂದು ಬೆಳಿಗ್ಗೆ ನಾನು ವಿಮೆಯ ಚೀಟಿಗಳನ್ನು ಕೊಡಲು ಹೋಗಿದ್ದಾಗ ಜಾಬರನ ಹೆಂಡತಿ ಬಂದಳು. ಗಟ್ಟಿಮುಟ್ಟಾದ ಹೆಂಗಸು. ನೆನಪಾದಾಗೊಮ್ಮೆ ಕೆಮ್ಮುತ್ತಿದ್ದಳು.

ಡಾಕ್ಟರು ಎದೆ ಪರೀಕ್ಷಿಸಿ, "ಎದೆಯಾಗೆ ಏನೂ ಇಲ್ಲವಲ್ಲಮ್ಮ," ಎಂದರು.

"ಬಿಟ್ಟು ಬಿಟ್ಟು ಬರ್ತೈತ್ರಿ. ಬೀಡಿ ಸೇದಿದ ಮ್ಯಾಲಂತೂ ಭಾಳ."

ಡಾಕ್ಟರು ನನ್ನನ್ನು ನೋಡಿದರು. ನಾನು ಕಿಟಕಿಯ ಹೊರಗೆ ನೋಡಿದೆ. ಅವರು ಔಷಧದ ಸೀಸೆ ಕೊಟ್ಟು ಗಂಭೀರವಾಗಿ ಹೇಳಿದರು: "ಒಂದು ತಿಂಗಳು ಒಲೆ ಹತ್ರ ಹೋಗಬ್ಯಾಡ. ನೀರು ಸೇದಬ್ಯಾಡ. ದಿನಾ ಹಾಲು ಕುಡಿದು ಮಲಗು. ಮಾಡ್ತೀಯೋ ಇಲ್ಲೋ ಅಂತ ಮನೆಗೇ ಬಂದು ನೋಡ್ತೀನಿ."

ಕೆಲವೇ ದಿನಗಳಲ್ಲಿ ಜಾಬರ್ ತಾನೇ ಬಂದ. ಒಲೆಯ ಹೊಗೆಗೆ ಕಣ್ಣು ಕೆಂಪಾಗಿತ್ತು, ಬಾವಿಯ ಹಗ್ಗಕ್ಕೆ ಅಂಗೈ ಸುಲಿದಿತ್ತು. ಹಿಂದೆ ಬಂದ ಹೆಂಡತಿ ಮೈತುಂಬಿಕೊಂಡು ಹೊಳೆಯುತ್ತಿದ್ದಳು.

"ಡಾಕ್ಟ್ರೆ, ಆ ಕೆಮ್ಮು ನಂದ್ರಿ," ಎಂದ. "ಔಷಧ ನಾನೇ ಕುಡಿದೀನಿ. ಹಾಲು ಮಾತ್ರ ಆಕೆ ಕುಡಿದಾಳೆ."

ಡಾಕ್ಟರು ಅವನ ಎದೆಯನ್ನೂ ಬೆನ್ನನ್ನೂ ಪರೀಕ್ಷಿಸಿದರು. "ಇನ್ನೂ ತಡ ಮಾಡಿದ್ರೆ ಕಷ್ಟ ಆಗ್ತಿತ್ತು. ಇವತ್ತಿಂದಲೇ ರಜೆ ಬರೀತೀನಿ," ಎಂದರು.

ಜಾಬರ್ ನನ್ನ ಕಡೆ ತಿರುಗಿದ. ನಾನು ಬಾಯಿ ತೆರೆಯುವಷ್ಟರಲ್ಲಿ, "ಗೊತ್ತೈತೆ ಬಿಡ್ರಿ. ಒಲೆ ಊದೋದಕ್ಕಿಂತ ಕಾಯ್ದೆ ನಂಬೋದೇ ವಾಸಿ," ಎಂದ.

ಡಾಕ್ಟರು ಬಾಯಲ್ಲಿ ಹೇಳಿಕೊಳ್ಳುತ್ತಲೇ ಬರೆಯತೊಡಗಿದರು: "ಒಂದು ತಿಂಗಳು ಒಲೆ ಹತ್ರ ಹೋಗಬ್ಯಾಡ. ನೀರು ಸೇದಬ್ಯಾಡ. ದಿನಾ ಹಾಲು..."

ಹೆಂಡತಿ ಗಂಡನನ್ನು ಪಕ್ಕಕ್ಕೆ ಸರಿಸಿ ಸ್ಟೂಲಿನ ಮೇಲೆ ಕೂತಳು.

"ಅವರದ್ದು ಆಮೇಲೆ ಬರೀರಿ, ಡಾಕ್ಟ್ರೆ. ನಂದಿನ್ನೂ ವಾಸಿ ಆಗಿಲ್ಲ," ಎಂದು ಕೆಮ್ಮಿದಳು.